ಸ್ಯಾನ್ ಡಿಯಾಗೋಗೆ ಹೊಸದಾಗಿ ಬಂದ ತಂಗಿಗೆ

ನೀವು ಕೇಳಿದ ಐದು ಪ್ರಶ್ನೆಗಳಲ್ಲಿ ಮೂರಕ್ಕೆ ಉತ್ತರ ಚಿಕ್ಕದು. ಬಾಡಿಗೆ ಹೆಚ್ಚೇ ಇರುತ್ತದೆ, ಇಳಿಯುವ ದಾರಿ ಕಾಯಬೇಡಿ. ಚಾಲನಾ ಪರವಾನಗಿ ಮೊದಲು, ಕಾರು ಆಮೇಲೆ. ಅಕ್ಕಿ, ಬೇಳೆ, ಹುಳಿಪುಡಿ ಎಲ್ಲವೂ ಇಲ್ಲಿ ಸಿಗುತ್ತವೆ. ಊರಿನಿಂದ ಬರುವವರ ಚೀಲದಲ್ಲಿ ಜಾಗವಿದ್ದರೆ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿಕೊಳ್ಳಿ.

ನಾಲ್ಕನೆಯ ಪ್ರಶ್ನೆ ನನ್ನನ್ನು ಎರಡು ದಿನ ಹಿಡಿದಿಟ್ಟಿತು. ಕಚೇರಿಯವರು ನಿಮ್ಮನ್ನು ಜೂನ್‌ನಲ್ಲಿ ಪೆಟ್ಕೋ ಪಾರ್ಕ್‌ಗೆ ಬೇಸ್‌ಬಾಲ್ ಪಂದ್ಯ ನೋಡಲು ಕರೆದೊಯ್ದರು. ಅಲ್ಲಿನ ಹುಲ್ಲುದಿಬ್ಬದ ಮೇಲಿನ ಪ್ರತಿಮೆಯ ಬುಡದಲ್ಲಿ ಯಾರೋ ಹೂವಿಟ್ಟಿದ್ದರು. ನಿಮ್ಮ ಮೇಲಧಿಕಾರಿ ಅದನ್ನು ಮುಟ್ಟಿ ಕಣ್ಣೊರೆಸಿಕೊಂಡರು. 'ಆ ಆಟಗಾರ ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ನಾನು ಏನು ಹೇಳಬೇಕಿತ್ತು?' ಎಂದು ಕೇಳಿದ್ದೀರಿ.

ಆ ಪ್ರತಿಮೆ ಈ ಊರಿನ ಪ್ಯಾಡ್ರೆಸ್ ಬೇಸ್‌ಬಾಲ್ ತಂಡದಲ್ಲಿ ಆಡಿದ ಟೋನಿ ಗ್ವಿನ್ ಅವರದು.

ನಾನು ಬಂದದ್ದು 1998ರ ಜುಲೈನಲ್ಲಿ. ತೀರ್ಥಹಳ್ಳಿಯಲ್ಲಿ ತುಂಗೆ ದಡ ಮೀರುವ ತಿಂಗಳು ಅದು. ಇಲ್ಲಿ ತಲೆಯೆತ್ತಿದರೆ ಒಂದು ಮೋಡವಿಲ್ಲ, ಬೆಟ್ಟಗಳೆಲ್ಲ ಒಣಹುಲ್ಲಿನ ಬಣ್ಣ. ಸಂಜೆ ಕೋಣೆಗೆ ಮರಳಿದರೆ ಮಾತನಾಡಿಸುವವರಿಲ್ಲ. ಪಕ್ಕದ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಒಂದು ಶನಿವಾರ ಅವರೇ ಬಾಗಿಲು ತಟ್ಟಿ, ಮಿಷನ್ ವ್ಯಾಲಿಯ ಹಳೆಯ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. 'ಹತ್ತೊಂಬತ್ತನೆಯ ನಂಬರಿನವರನ್ನು ಮಾತ್ರ ನೋಡು, ಆಟ ತಾನಾಗಿ ಅರ್ಥವಾಗುತ್ತದೆ' ಎಂದರು.

ಹಾಗೆಯೇ ಆಯಿತು. ಅವರೇ ಗ್ವಿನ್. ಎಡಗೈ ಬ್ಯಾಟುಗಾರ, ಸ್ಥೂಲ ಮೈ, ವಯಸ್ಸು ಮೂವತ್ತೆಂಟು. ಬಲ ಹಾಕಿ ಬೀಸುತ್ತಲೇ ಇರಲಿಲ್ಲ. ಮೂರನೆಯ ಬೇಸ್ ಕಾಯುವವನಿಗೂ, ಅವನ ಪಕ್ಕದ ಫೀಲ್ಡರ್ ಶಾರ್ಟ್‌ಸ್ಟಾಪ್‌ಗೂ ನಡುವೆ ಇರುವ ಸಂದಿನಲ್ಲಿ ಚೆಂಡನ್ನು ನೂಲು ಪೋಣಿಸಿದಂತೆ ತೂರಿಸಿಬಿಡುತ್ತಿದ್ದರು. ಭದ್ರಾವತಿಯ ವಿಶ್ವನಾಥ್ ಸ್ಕ್ವೇರ್ ಕಟ್ ಮಾಡುತ್ತಿದ್ದುದನ್ನು ಅಪ್ಪ ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದರು. ಆ ಕೈ ನೆನಪಾಯಿತು. ಈ ಆಟದಲ್ಲಿ ಹತ್ತಕ್ಕೆ ಮೂರು ಸಲ ಹಿಟ್ ಗಳಿಸಿದವನೇ, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದವನೇ, ದೊಡ್ಡ ಬ್ಯಾಟುಗಾರ. ಗ್ವಿನ್ ಅವರ ಜೀವಮಾನದ ಸರಾಸರಿ .338. ಮುಷ್ಕರದಿಂದ ಅರ್ಧಕ್ಕೇ ನಿಂತ 1994ರ ಋತುವಿನಲ್ಲಿ .394. ಒಟ್ಟು 3,141 ಹಿಟ್‌ಗಳು, ಋತುವಿನ ಅತಿ ಹೆಚ್ಚು ಸರಾಸರಿಗೆ ಸಿಗುವ ಬ್ಯಾಟಿಂಗ್ ಕಿರೀಟ ಎಂಟು ಸಲ. ಒಂಬತ್ತು ಸಾವಿರಕ್ಕೂ ಹೆಚ್ಚು ಸಲ ಬ್ಯಾಟು ಹಿಡಿದು ನಿಂತವರು ಚೆಂಡು ಹೊಡೆಯಲಾಗದೆ ಮೂರು ಸ್ಟ್ರೈಕಿಗೆ ಔಟ್ ಆದದ್ದು 434 ಸಲ ಮಾತ್ರ. ತಮ್ಮ ಆಟವನ್ನು ತಾವೇ ವಿಡಿಯೋದಲ್ಲಿ ಹಾಕಿಕೊಂಡು ತಿದ್ದಿಕೊಳ್ಳುವ ಅಭ್ಯಾಸವನ್ನು, ಹೆಚ್ಚಿನವರು ಅದನ್ನು ಯೋಚಿಸುವ ಮೊದಲೇ ಬೆಳೆಸಿಕೊಂಡಿದ್ದರು. ನಾನು ಬಂದ ಆ ವರ್ಷ ಅವರ ತಂಡ ಋತುವಿನ ಕೊನೆಯ ಸರಣಿಯಾದ ವರ್ಲ್ಡ್ ಸೀರೀಸ್‌ವರೆಗೂ ಹೋಗಿ ನ್ಯೂಯಾರ್ಕಿನ ಯಾಂಕೀಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಸೋತ ಮೊದಲ ಪಂದ್ಯದಲ್ಲಿ ಗ್ವಿನ್ ಹೊಡೆದ, ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೋಮ್ ರನ್ ಬಗ್ಗೆ ನಮ್ಮ ಬೀದಿಯಲ್ಲಿ ಈಗಲೂ ಮಾತನಾಡುತ್ತಾರೆ.

ಆದರೆ ಜನ ಅತ್ತದ್ದು ಅಂಕಿಗಳಿಗಲ್ಲ. ಅವರು ಇಲ್ಲಿ ಹುಟ್ಟಿದವರೂ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿ, ಲಾಂಗ್ ಬೀಚ್‌ನಲ್ಲಿ ಬೆಳೆದು, ಕಾಲೇಜಿಗೆಂದು ಈ ಊರಿಗೆ ಬಂದರು. ಬಂದವರು ಬಿಟ್ಟು ಹೋಗಲಿಲ್ಲ. 1982ರಿಂದ 2001ರವರೆಗೆ ಇಪ್ಪತ್ತು ಋತುಗಳು, ಒಂದೇ ತಂಡ. ಬೇರೆ ಕಡೆ ಹೆಚ್ಚು ಹಣ ಸಿಗುತ್ತಿದ್ದರೂ ಕಡಿಮೆಗೆ ಇಲ್ಲೇ ಉಳಿದರು. ನಿವೃತ್ತಿಯ ನಂತರ ತಾವು ಓದಿದ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದಲ್ಲೇ ತರಬೇತುದಾರರಾದರು. ಹೆಚ್ಚು ಸಂಬಳಕ್ಕೆ ಹುಟ್ಟೂರು ಬಿಟ್ಟು ಬಂದ ನನಗೆ ಈ ಮಾತು ಪ್ರತಿ ಸಲವೂ ಒಳಗೆಲ್ಲೋ ತಾಕುತ್ತದೆ.

2010ರಲ್ಲಿ ಅವರಿಗೆ ಜೊಲ್ಲುಗ್ರಂಥಿಯ ಕ್ಯಾನ್ಸರ್ ಇದೆ ಎಂಬ ಸುದ್ದಿ ಬಂತು. ಆಡುವ ಕಾಲದಲ್ಲಿ ಅವರು ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದರು, ಅದರಿಂದಲೇ ಬಂದ ರೋಗವೆಂದು ಅವರೇ ನಂಬಿದ್ದರು. ಆ ಗ್ರಂಥಿಯ ವಿಷಯದಲ್ಲಿ ವೈದ್ಯರು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಬಾಯಿಯ ಕ್ಯಾನ್ಸರ್ ವಿಷಯದಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ. ಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಿ ಮುಖದ ಒಂದು ಪಕ್ಕ ಜೋತುಬಿತ್ತು. ಅವರ ನಗು ಊರಿಗೆಲ್ಲ ಗೊತ್ತಿದ್ದ ನಗು, ಅದೇ ಹೋಯಿತು.

ಆ ಸುದ್ದಿ ಓದಿದ ಭಾನುವಾರ ಎಂದಿನಂತೆ ಮನೆಗೆ ಫೋನ್ ಮಾಡಿದೆ. ಅಪ್ಪನ ಬಾಯಲ್ಲಿ ಕವಳವಿತ್ತು. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ಹೊಗೆಸೊಪ್ಪು. ಅಡಿಕೆ ಕಡಿಯುವ ಸದ್ದು ಅಷ್ಟು ದೂರಕ್ಕೂ ಕೇಳುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವರು ಮಳೆಯ ಸುದ್ದಿ ಹೇಳಿದರು, ನಾನು ಮಕ್ಕಳ ಅಂಕಗಳನ್ನು ಹೇಳಿದೆ. ದೂರದಲ್ಲಿರುವ ಮಗ ಫೋನಿನಲ್ಲಿ ಬುದ್ಧಿ ಹೇಳಬಾರದು, ವಾರಕ್ಕೊಮ್ಮೆ ಸಂತೋಷದ ಮಾತಿರಲಿ ಎಂದುಕೊಂಡೆ. ಹಾಗೆ ನಾಲ್ಕು ವರ್ಷ ಕಳೆಯಿತು.

ಗ್ವಿನ್ 2014ರ ಜೂನ್ 16ರಂದು ತೀರಿಕೊಂಡರು. ಐವತ್ತನಾಲ್ಕೇ ವರ್ಷ. ಪಕ್ಕದ ಮನೆಯ ಹಿರಿಯರ ಜೊತೆ ಪ್ರತಿಮೆಯ ಬಳಿಗೆ ಹೋದೆ. ಹೂವು, ಟೋಪಿ, ಚೆಂಡು, ಮಕ್ಕಳು ಬರೆದ ಚೀಟಿಗಳು ರಾಶಿ ಬಿದ್ದಿದ್ದವು. ಜೂನ್ 26ರ ಸಂಜೆ ಮೈದಾನದಲ್ಲಿ ನಡೆದ ಶ್ರದ್ಧಾಂಜಲಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಗ್ವಿನ್ ಅವರ ಕೈಕೆಳಗೆ ಪಳಗಿದ, ಚೆಂಡೆಸೆಯುವ ಪಿಚರ್‌ಗಳಾದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಮತ್ತು ಆಡಿಸನ್ ರೀಡ್ ಹೊಗೆಸೊಪ್ಪು ಬಿಡುವುದಾಗಿ ಹೇಳಿದ್ದು ಆ ದಿನಗಳಲ್ಲೇ. ಮರಳಿ ಬರುವಾಗ ಕಾರಿನಲ್ಲಿ ಆ ಹಿರಿಯರು, ನೌಕಾಪಡೆಯ ದಿನಗಳಿಂದ ತಮಗೂ ಅದೇ ಚಟವಿತ್ತೆಂದೂ, 2010ರ ಆ ಸುದ್ದಿ ಓದಿದ ದಿನವೇ ಮಗಳು ಬಂದು ಡಬ್ಬಿ ಕಿತ್ತುಕೊಂಡಳೆಂದೂ ಹೇಳಿದರು.

ಅದೇ ದಿನ ನಾನೂ ಓದಿದ್ದೆ.

ಮನೆ ತಲುಪಿದವನು ಬೂಟು ಬಿಚ್ಚದೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಹತ್ತೂವರೆ. ಎಲ್ಲವನ್ನೂ ಹೇಳಿದೆ, ಗ್ವಿನ್ ಅವರ ಮುಖ ಜೋತುಬಿದ್ದದ್ದನ್ನೂ ಹೇಳಿದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, 'ಕೆನ್ನೆಯೊಳಗೆ ಒಂದು ಹುಣ್ಣಾಗಿದೆ, ವರ್ಷವಾದರೂ ಮಾಯುತ್ತಿಲ್ಲ. ನೀನು ಅಷ್ಟು ದೂರದಲ್ಲಿ ಕುಳಿತು ಚಿಂತೆ ಮಾಡುತ್ತೀಯೆಂದು ಹೇಳಲಿಲ್ಲ' ಎಂದರು. ಆಪರೇಷನ್ ಆಯಿತು. ಆಮೇಲೆ ಎರಡು ವರ್ಷ ಗಂಜಿಯ ಮೇಲೆ ಬದುಕಿದರು. ಮಾತು ಸ್ಪಷ್ಟವಿರಲಿಲ್ಲ, ಆದರೂ ಭಾನುವಾರದ ಫೋನ್ ತಪ್ಪಿಸಲಿಲ್ಲ.

ನಿಮ್ಮ ಮೇಲಧಿಕಾರಿಗೆ ನೀವು ಏನೂ ಹೇಳಬೇಕಾಗಿರಲಿಲ್ಲ. ಮುಂದಿನ ಸಲ, 'ಅವರ ಆಟವನ್ನು ನೀವು ನೋಡಿದ್ದಿರಾ?' ಎಂದು ಕೇಳಿ, ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ. ಟ್ರಾಲಿ ಎಂಬ ನಗರದ ರೈಲಿನಲ್ಲಿ ಹೋಗಿ, ಕಾರು ನಿಲ್ಲಿಸುವುದು ದುಬಾರಿ. ಸ್ವೆಟರ್ ಇರಲಿ, ಕತ್ತಲಾದ ಮೇಲೆ ಸಮುದ್ರದ ಕಡೆಯಿಂದ ಚಳಿಗಾಳಿ ಬರುತ್ತದೆ.

ಐದನೆಯ ಪ್ರಶ್ನೆ ಉಳಿಯಿತು. ದೀಪಾವಳಿಗೆ ಊರಿಗೆ ಹೋಗುವಾಗ ಅಪ್ಪನಿಗೆ ಏನು ಒಯ್ಯಲಿ, ಎಲೆಯಡಿಕೆ ಬಿಟ್ಟರೆ ಅವರಿಗೆ ಇನ್ನಾವ ಆಸೆಯೂ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಅಪ್ಪ ಹೊಗೆಸೊಪ್ಪನ್ನೂ ಸೇರಿಸುತ್ತಾರೆಯೇ? ಸೇರಿಸದಿದ್ದರೂ ದೀಪಾವಳಿಯವರೆಗೆ ಕಾಯಬೇಡಿ, ಈ ಭಾನುವಾರವೇ ಕೇಳಿ, ಬಾಯಲ್ಲಿ ಮಾಯದ ಹುಣ್ಣೇನಾದರೂ ಇದೆಯೇ ಎಂದು.