ಲಿವರ್ ಕ್ಯಾನ್ಸರ್ ಆಪರೇಷನ್ ಆದಮೇಲೆ ಕೀಮೋ ಹಾಕಿಸಲೇಬೇಕಾ?

ನಿಮ್ಮ ಮಾವನವರ ಲಿವರ್‌ ಗಡ್ಡೆ ತೆಗೆದಿದ್ದಾರೆ, ಡಾಕ್ಟರು ಕೀಮೋ ಬೇಡ ಅಂದಿದ್ದಾರೆ, ನೆಂಟರು ಮಾತ್ರ "ಹಾಕಿಸದಿದ್ರೆ ಮತ್ತೆ ಬರುತ್ತೆ" ಅಂತ ಹೆದರಿಸ್ತಿದ್ದಾರೆ ಅಂತ ಬರೆದಿದ್ದೀರಿ. ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರೋ ಫಾರ್ಮಸಿಸ್ಟ್, ಡಾಕ್ಟರಲ್ಲ. ಗೊತ್ತಿರೋದನ್ನ ಹೇಳ್ತೀನಿ.

ಮೊದಲು ಬಯಾಪ್ಸಿ ರಿಪೋರ್ಟ್ ನೋಡಿ. ಕೊಲಾಂಜಿಯೋಕಾರ್ಸಿನೋಮಾ, ಅಂದರೆ ಪಿತ್ತನಾಳದ ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ 6 ತಿಂಗಳು ಕ್ಯಾಪಸಿಟಾಬಿನ್ ಅನ್ನೋ ಕೀಮೋ ಮಾತ್ರೆ ಕೊಡ್ತಾರೆ. ಹೆಪಟೋಸೆಲ್ಯುಲರ್, ಅಂದರೆ ಲಿವರ್ ಜೀವಕೋಶದಲ್ಲೇ ಹುಟ್ಟಿದ ಕ್ಯಾನ್ಸರ್ ಅಂತಿದ್ದರೆ ಡಾಕ್ಟರು ಹೇಳಿದ್ದೇ ಸರಿ. ನೆಂಟರು ನೋಡಿರೋದು ಸ್ತನದ್ದೋ ಕರುಳಿನದ್ದೋ ಇರಬೇಕು, ಅಲ್ಲಿ ಆಪರೇಷನ್ ನಂತರ ಕೀಮೋ ಕೊಡೋದು ರೂಢಿ. ಲಿವರ್‌ಗೆ ಸೊರಾಫೆನಿಬ್ ಮಾತ್ರೆಯನ್ನ ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ ನೋಡಿದರು; 2015ರಲ್ಲಿ ಬಂದ ಫಲಿತಾಂಶ, ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡವರಿಗಿಂತ ಏನೂ ಮೇಲಿಲ್ಲ. ಅಟೆಜೋಲಿಜುಮಾಬ್ ಮತ್ತು ಬೆವಾಸಿಜುಮಾಬ್ ಇಂಜೆಕ್ಷನ್ 2023ರಲ್ಲಿ ಆಸೆ ಹುಟ್ಟಿಸಿತ್ತು, ಆಮೇಲೆ ಆ ವ್ಯತ್ಯಾಸವೂ ಕರಗಿತು. ರಿಪೋರ್ಟಲ್ಲಿ ಮೈಕ್ರೋವ್ಯಾಸ್ಕುಲರ್ ಇನ್ವೇಷನ್ (ಸಣ್ಣ ರಕ್ತನಾಳಗಳಿಗೂ ಕ್ಯಾನ್ಸರ್ ಹೊಕ್ಕಿರೋದು) ಅಂತ ಇದ್ದರೆ ಮಾತ್ರ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ಡಾಕ್ಟರ ಹತ್ರ ಇನ್ನೊಂದು ಸಲ ಕೇಳಿ. ಅಂಥವರಿಗೆ ಲಿವರ್‌ನ ರಕ್ತನಾಳಕ್ಕೇ ಕೀಮೋ ಬಿಡೋ ಪದ್ಧತಿ ಚೀನಾದಲ್ಲಿದೆ.

ಮತ್ತೆ ಬರೋ ಭಯ ಸುಳ್ಳಲ್ಲ, 5 ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬರುತ್ತೆ. ಗಡ್ಡೆ ಹೋದರೂ ಅದು ಹುಟ್ಟಿದ ಹಾಳಾದ ಲಿವರ್ ಉಳಿದಿರುತ್ತಲ್ಲ! ಅದಕ್ಕೇ ಹೆಪಟೈಟಿಸ್ ಬಿ ಇದ್ದರೆ ವೈರಸ್ ಅಡಗಿಸೋ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ದಿನಾ ತಪ್ಪಬಾರದು. ನನ್ನ ಅಂಗಡೀಲಿ ನೋಡ್ತಿರೋದು ಇದನ್ನೇ: ನಾಲ್ಕು ತಿಂಗಳು ತಗೋತಾರೆ, "ಈಗ ಆರಾಮಿದೀನಿ" ಅಂತ ಬಿಟ್ಟುಬಿಡ್ತಾರೆ. ಬಿಟ್ಟರೆ ವೈರಸ್ ಮತ್ತೆ ಏಳುತ್ತೆ, ಉಳಿದ ಲಿವರ್ರೂ ಕೆಡುತ್ತೆ. ಹೆಪಟೈಟಿಸ್ ಸಿ ಆಗಿದ್ದರೆ ಕೆಲವು ತಿಂಗಳ ಮಾತ್ರೆಯಲ್ಲೇ ವಾಸಿ ಮಾಡಬಹುದು. ಕುಡಿತ ಪೂರ್ತಿ ಬಂದ್. ನಾಟಿ ಕಷಾಯ ಕುಡಿಸೋ ಮುಂಚೆ ಸರ್ಜನ್‌ಗೆ ಹೇಳಿ.

ಮೊದಲ 2 ವರ್ಷ 3-4 ತಿಂಗಳಿಗೊಮ್ಮೆ ಸಿಟಿ ಅಥವಾ ಎಂಆರ್‌ಐ, ಜೊತೆಗೆ ಲಿವರ್ ಕ್ಯಾನ್ಸರ್ ಸುಳಿವು ಕೊಡೋ ಎಎಫ್‌ಪಿ ರಕ್ತಪರೀಕ್ಷೆ. ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೆ ಆಪರೇಷನ್, ಇಲ್ಲಾ ಸೂಜಿ ಹಾಕಿ ಸುಡೋದು ಸಾಧ್ಯ. ಸ್ಕ್ಯಾನ್ ಇಲ್ಲೇ ಮಾಡಿಸಿ, ಬೆಂಗಳೂರಿಗೆ ಡಾಕ್ಟರ ಹತ್ರ ಹೋಗುವಾಗ ಹಳೇ ಸ್ಕ್ಯಾನ್ ಸಿಡಿಗಳನ್ನೂ ಒಯ್ಯಿರಿ. ಬರೀ ರಿಪೋರ್ಟ್ ಕಾಗದ ನೋಡಿ ಹೋಲಿಸೋಕಾಗಲ್ಲ.

ಚಳ್ಳಕೆರೆ ಕಡೆಯವರು ಅಂದಿರಲ್ಲ, ಬೂಸ್ಟು ಹಿಡಿದ ಶೇಂಗಾ, ಮೆಕ್ಕೆಜೋಳ ಹುರಿದೋ ತೊಳೆದೋ ತಿನ್ನಿಸಬೇಡಿ. ಅದರಲ್ಲಿರೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್ ಕ್ಯಾನ್ಸರ್ ತರುತ್ತೆ, ಹುರಿದರೂ ಪೂರ್ತಿ ಹೋಗಲ್ಲ.