ಮಗು ಕೇಳಿದಷ್ಟಕ್ಕೆ ಉತ್ತರ

ನಮಸ್ಕಾರ. ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಲ್ಲ, ಅದಕ್ಕಾಗಿ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ಎರಡನೇ ತರಗತಿಯಲ್ಲಿರುವ ನಿಮ್ಮ ಮಗ ಮೊನ್ನೆ ಶಾಲೆಯಿಂದ ಬಂದವನೇ, "ಅಮ್ಮಾ, ಇಬ್ಬರು ಗಂಡಸರು ಮದುವೆ ಆಗಬಹುದಂತೆ, ಮಿಸ್ ಹೇಳಿದ್ರು" ಎಂದ. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಕುಟುಂಬದ ಬಗ್ಗೆ ಪಾಠ ನಡೆಯುತ್ತಿತ್ತು, ಮೊಬೈಲಿನಲ್ಲಿ ಅಂಥದೊಂದು ಮದುವೆಯ ವಿಡಿಯೊ ನೋಡಿದ್ದ ಹುಡುಗನೊಬ್ಬ ಎದ್ದು ನಿಂತು ಕೇಳಿದ. ಟೀಚರ್ "ಕೆಲವು ದೇಶಗಳಲ್ಲಿ ಆಗ್ತಾರೆ, ಕೆಲವು ಕಡೆ ಅದಕ್ಕೆ ಕಾನೂನಿಲ್ಲ" ಎಂದು ಹೇಳಿ ಪಾಠ ಮುಂದುವರಿಸಿದರು. ಮನೆಯಲ್ಲಿ ನಿಮ್ಮ ಮಗ ಇನ್ನೂ ಒಂದು ಪ್ರಶ್ನೆ ಕೇಳಿದ: "ಹಾಗಾದ್ರೆ ಅವರ ಮನೇಲಿ ಅಡುಗೆ ಯಾರು ಮಾಡ್ತಾರೆ?" ನೀವು "ಹೋಗು, ಆಟ ಆಡ್ಕೋ" ಎಂದು ಅವನನ್ನು ಕಳಿಸಿ, ರಾತ್ರಿ ಕೂತು ನಮಗೆ ಪತ್ರ ಬರೆದಿರಿ. ಏಳು ವರ್ಷದ ಮಗುವಿಗೆ ಸಲಿಂಗ ವಿವಾಹದ ವಿಷಯ ಯಾಕೆ ಬೇಕು, ಶಾಲೆ ಓದು ಬರಹ ಲೆಕ್ಕ ಕಲಿಸಿದರೆ ಸಾಲದೆ, ಹೆತ್ತವರನ್ನು ಕೇಳದೆ ಇಂಥದ್ದನ್ನು ಹೇಳಲು ಅವರಿಗೆ ಅಧಿಕಾರ ಕೊಟ್ಟವರು ಯಾರು, ಎಂದು ಕೇಳಿದ್ದೀರಿ.

ಪತ್ರದಲ್ಲಿ ನನಗೆ ಸಿಟ್ಟಿಗಿಂತ ದಿಗಿಲೇ ಹೆಚ್ಚಾಗಿ ಕಂಡಿತು. ಹಾಗಾಗಿ ಸುತ್ತಿ ಬಳಸದೆ ನನ್ನ ನಿಲುವು ಹೇಳುತ್ತೇನೆ. ಚಿಕ್ಕ ಮಕ್ಕಳಿಗೆ ಸಲಿಂಗ ವಿವಾಹ ಎಂಬ ಹೆಸರಿನಲ್ಲಿ ಪ್ರತ್ಯೇಕ ಪಾಠ ಬೇಕಿಲ್ಲ. ಆದರೆ ಕುಟುಂಬ ಎಂದರೇನು ಎಂದು ಕಲಿಸುವಾಗ ಅಂಥ ಕುಟುಂಬಗಳೂ ಇವೆ ಎಂಬುದನ್ನು ಮುಚ್ಚಿಡಬಾರದು, ಮಗುವೇ ಕೇಳಿದರೆ ಸುಳ್ಳು ಹೇಳಬಾರದು, ಬಾಯಿ ಮುಚ್ಚಿಸಬಾರದು. ನಿಮ್ಮ ಮಗನ ಟೀಚರ್ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

'ಇಷ್ಟು ಚಿಕ್ಕ ವಯಸ್ಸಿಗೆ' ಎಂಬ ಮಾತನ್ನು ಪತ್ರದಲ್ಲಿ ಮತ್ತೆ ಮತ್ತೆ ಬರೆದಿದ್ದೀರಿ. ಮದುವೆ ಎಂದೊಡನೆ ದೊಡ್ಡವರ ಮನಸ್ಸು ಹೋಗುವ ಕಡೆ ಮಕ್ಕಳ ಮನಸ್ಸು ಹೋಗುವುದಿಲ್ಲ. ನಿಮ್ಮ ಮಗನ ಎರಡನೇ ಪ್ರಶ್ನೆಯನ್ನೇ ನೋಡಿ. ಅವನಿಗೆ ಬೇಕಾಗಿದ್ದದ್ದು ಅಡುಗೆಯ ವಿಚಾರ. ಗಂಡು ಹೆಣ್ಣಿನ ಮದುವೆಯ ಬಗ್ಗೆ ನಾವು ಮೂರು ವರ್ಷದ ಮಕ್ಕಳಿಗೂ ಕಥೆ ಹೇಳುತ್ತೇವೆ. ರಾಜಕುಮಾರ ರಾಜಕುಮಾರಿಯನ್ನು ಮದುವೆಯಾಗಿ ಸುಖವಾಗಿದ್ದ ಎನ್ನುವಾಗ ನಾವು ಲೈಂಗಿಕ ಶಿಕ್ಷಣ ಕೊಡುತ್ತಿದ್ದೇವೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಮಗುವಿಗೆ ಮದುವೆ ಎಂದರೆ ಒಂದು ಮನೆ, ಅಲ್ಲಿ ಒಟ್ಟಿಗೆ ಇರುವವರು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವರು. ಇಂಗ್ಲೆಂಡಿನಲ್ಲಿ ಕುಟುಂಬದ ಪಾಠ, ಲೈಂಗಿಕ ಶಿಕ್ಷಣ ಈ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. 2020ರ ಸೆಪ್ಟೆಂಬರ್‌ನಿಂದ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಸಂಬಂಧಗಳ ಶಿಕ್ಷಣ ಕಡ್ಡಾಯ. ಕುಟುಂಬ, ಸ್ನೇಹ, ಪರಸ್ಪರ ಗೌರವ ಇವೆಲ್ಲ ಅದರಲ್ಲಿ ಬರುತ್ತವೆ. ಲೈಂಗಿಕ ಶಿಕ್ಷಣ ಬೇರೆ, ಅದರಿಂದ ಮಗುವನ್ನು ಹೊರಗಿಡಿ ಎಂದು ಹೆತ್ತವರು ಕೇಳಬಹುದು. ಈ ಗೆರೆ ನನಗೆ ಒಪ್ಪಿಗೆ.

ಇಲ್ಲಿ ನನ್ನದೇ ಒಂದು ನೆನಪು ಹೇಳಬೇಕು. ಪತ್ರಿಕೆಗೆ ಬರುವ ಮೊದಲು ನಾನು ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಒಂದು ಮಧ್ಯಾಹ್ನ "ನಿಮ್ಮ ಅಪ್ಪ ಅಮ್ಮನ ಚಿತ್ರ ಬರೀರಿ" ಎಂದೆ. ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ ಹುಡುಗಿಯೊಬ್ಬಳು ಅಜ್ಜಿಯ ಚಿತ್ರ ಬರೆದಿದ್ದಳು. ಬಿಳಿ ಕೂದಲು ತೋರಿಸುವುದಕ್ಕೆ ತಲೆಗೆ ಬಣ್ಣ ತುಂಬದೆ ಹಾಗೇ ಬಿಟ್ಟಿದ್ದಳು. ಪಕ್ಕದ ಹುಡುಗ ಎದ್ದು "ಇವಳು ತಪ್ಪು ಬರೆದಿದ್ದಾಳೆ" ಎಂದು ಕೂಗಿದ. ನಾನು ಅವಳ ಬೆಂಚಿನ ಹತ್ತಿರ ಹೋಗುವಷ್ಟರಲ್ಲಿ ಅವಳು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ತೂತಾಗಿತ್ತು. ನಾನು ಯಾರನ್ನೂ ಬೈದಿರಲಿಲ್ಲ, ಸುಳ್ಳನ್ನೂ ಹೇಳಿರಲಿಲ್ಲ. ನನ್ನ ಮಾತಿನಲ್ಲಿ ಒಂದೇ ಬಗೆಯ ಮನೆ ಇತ್ತು, ಅಷ್ಟೇ. ಆ ತೂತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಇಬ್ಬರು ಅಮ್ಮಂದಿರು, ಇಲ್ಲವೇ ಇಬ್ಬರು ಅಪ್ಪಂದಿರು ಸಾಕುತ್ತಿರುವ ಮಗು ನಿಮ್ಮ ಮಗನ ಪಕ್ಕದಲ್ಲೇ ಕೂತಿದ್ದರೆ? ಟೀಚರ್ "ಅಂಥದ್ದೆಲ್ಲ ಇಲ್ಲ, ಕೂತ್ಕೋ" ಎಂದಿದ್ದರೆ ಆ ಮಗುವಿಗೆ ತಲುಪುತ್ತಿದ್ದ ಪಾಠ ಯಾವುದು? ಹಾಗೆ ಬೆಳೆದ ಮಕ್ಕಳು ಬೇರೆ ಮಕ್ಕಳಷ್ಟೇ ಚೆನ್ನಾಗಿ ಬೆಳೆಯುತ್ತಾರೆ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಅಧಿಕೃತವಾಗಿ ಹೇಳಿದೆ. ಅವರನ್ನು ನೋಯಿಸುವುದು ಸುತ್ತಲಿನವರ ಮಾತು ಮತ್ತು ಮೌನ.

ಮೌನದ ವಿಚಾರದಲ್ಲಿ ಬ್ರಿಟನ್ ಕಲಿತದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1988ರಲ್ಲಿ ಅಲ್ಲಿ ಸೆಕ್ಷನ್ 28 ಎಂಬ ಕಾನೂನು ಬಂತು. ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು ಪ್ರೋತ್ಸಾಹಿಸಬಾರದು, ಅದು ಒಪ್ಪತಕ್ಕದ್ದು ಎಂದು ಶಾಲೆಗಳಲ್ಲಿ ಕಲಿಸುವುದನ್ನು ಉತ್ತೇಜಿಸಬಾರದು ಎಂದಿತ್ತು. ಅಂಥ ಸಂಬಂಧವನ್ನು ಆ ಕಾನೂನು 'ಕುಟುಂಬ ಸಂಬಂಧದ ಸೋಗು' ಎಂಬರ್ಥದ ಮಾತಿನಿಂದ ಕರೆದಿತ್ತು. ತಂದೆ ಮತ್ತು ಆತನ ಸಂಗಾತಿಯ ಜೊತೆ ಇರುವ ಐದು ವರ್ಷದ ಹುಡುಗಿಯ ಬಗೆಗಿನ ಒಂದು ಮಕ್ಕಳ ಪುಸ್ತಕ ಎಬ್ಬಿಸಿದ ಗದ್ದಲವೂ ಆ ಕಾನೂನಿಗೆ ಒಂದು ಕಾರಣ. ಕಾನೂನಿನ ಮಾತು ಇದ್ದದ್ದು ಸ್ಥಳೀಯ ಸಂಸ್ಥೆಗಳಿಗೆ, ನೇರವಾಗಿ ಟೀಚರುಗಳಿಗಲ್ಲ. ಅದರಡಿ ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಆದರೂ ಭಯ ತರಗತಿಯೊಳಗೆ ಬಂದು ಕೂತಿತು. ಒಂದು ಮಗುವನ್ನು ಉಳಿದವರು ಸಲಿಂಗಿ ಎಂದು ಹಂಗಿಸುತ್ತಿದ್ದಾಗಲೂ ಮಧ್ಯೆ ಬಾಯಿ ಹಾಕಿದರೆ ಕೆಲಸಕ್ಕೆ ಸಂಚಕಾರ ಎಂದು ಎಷ್ಟೋ ಟೀಚರುಗಳು ಸುಮ್ಮನಿದ್ದರು. ಸ್ಕಾಟ್ಲೆಂಡಿನಲ್ಲಿ 2000ದಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಲ್ಲಿ ಅದನ್ನು ತೆಗೆದುಹಾಕಿದರು. ಹದಿನೈದು ವರ್ಷ ಎಂದರೆ ಒಂದಿಡೀ ತಲೆಮಾರಿನ ಶಾಲಾ ಜೀವನ. ಅಷ್ಟೂ ವರ್ಷ ಆ ಮಕ್ಕಳಿಗೆ ಸಿಕ್ಕಿದ್ದು ಬೈಗುಳದ ಪದ ಮಾತ್ರ, ಅರ್ಥ ಹೇಳುವವರು ಸಿಗಲಿಲ್ಲ.

ಕೇಳಿ ತಿಳಿದುಕೊಂಡರೆ ಮಕ್ಕಳೂ ಹಾಗೇ ಆಗುತ್ತಾರೇನೋ ಎಂಬ ನಿಮ್ಮ ಆತಂಕಕ್ಕೆ ಹೆಚ್ಚು ಬರೆಯಬೇಕಿಲ್ಲ. ಇವತ್ತಿನ ಸಲಿಂಗಿಗಳೆಲ್ಲ ಗಂಡು ಹೆಣ್ಣಿನ ಮದುವೆಯ ಪಾಠ, ಕಥೆ, ಹಾಡುಗಳನ್ನೇ ಕೇಳಿ ಬೆಳೆದವರು. ಅದು ಅವರನ್ನು ಬದಲಾಯಿಸಲಿಲ್ಲ.

ಹೆತ್ತವರ ಅಧಿಕಾರದ ಪ್ರಶ್ನೆ ಮಾತ್ರ ಹೀಗೆ ಮುಗಿಯುವಂಥದ್ದಲ್ಲ, ಅಲ್ಲಿ ನಿಮ್ಮ ಮಾತಿಗೆ ತೂಕವಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಮಾಂಟ್‌ಗೋಮರಿ ಕೌಂಟಿಯಲ್ಲಿ ಸಲಿಂಗಿಗಳಂಥ ಪಾತ್ರಗಳಿರುವ ಕಥೆ ಪುಸ್ತಕಗಳನ್ನು ಪ್ರಾಥಮಿಕ ಶಾಲೆಗೆ ತಂದರು. ಬೇಡ ಎನ್ನುವವರು ಮಗುವನ್ನು ಆ ಹೊತ್ತು ಹೊರಗಿಡಬಹುದು ಎಂದು ಮೊದಲು ಅವಕಾಶ ಕೊಟ್ಟು, ಆಮೇಲೆ ಅದನ್ನು ಕಿತ್ತುಕೊಂಡರು. ಬೇರೆ ಬೇರೆ ಧರ್ಮದ ಹೆತ್ತವರು ಒಟ್ಟಾಗಿ ಕೋರ್ಟಿಗೆ ಹೋದರು. 2025ರ ಜೂನ್ 27ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಲ್ಲಿ ಅವರ ಪರ ನಿಂತು, ಪ್ರಕರಣ ಮುಗಿಯುವವರೆಗೆ ಮುಂಚಿತವಾಗಿ ತಿಳಿಸಬೇಕು, ಮಗುವನ್ನು ಹೊರಗಿಡಲು ಬಿಡಬೇಕು ಎಂದಿತು. ಪುಸ್ತಕಗಳನ್ನು ತೆಗೆಯಿರಿ ಎಂದು ಹೇಳಲಿಲ್ಲ. ಮಗು ಎದ್ದು ಹೊರಗೆ ಹೋಗುವುದು ನನಗೆ ಇಷ್ಟವಿಲ್ಲ. ಹೊರಗೆ ಹೋದ ಮಗು 'ಏನೋ ಕೆಟ್ಟದ್ದು ನಡೀತಿದೆ' ಎಂದುಕೊಳ್ಳುತ್ತದೆ, ಒಳಗೆ ಕೂತ, ಅಂಥದೇ ಮನೆಯ ಮಗು ಅದನ್ನು ನೋಡುತ್ತಿರುತ್ತದೆ. ಆದರೆ ಓದಿಸುವ ಪುಸ್ತಕವನ್ನು ಹೆತ್ತವರಿಗೆ ಮೊದಲೇ ತೋರಿಸುವುದು ಶಾಲೆಯ ಕರ್ತವ್ಯ. ಕದ್ದುಮುಚ್ಚಿ ಕಲಿಸಿದರೆ ಒಳ್ಳೆಯ ಪಾಠವೂ ಸಂಚಿನಂತೆ ಕಾಣುತ್ತದೆ.

ಲಿಥುವೇನಿಯಾದಲ್ಲಿ ಇದಕ್ಕೆ ಪೂರಾ ತಿರುಗಾಮುರುಗಾ ನಡೆಯಿತು. ಸಲಿಂಗ ವಿವಾಹದ ಎರಡು ಕಥೆಗಳಿದ್ದ ಮಕ್ಕಳ ಪುಸ್ತಕದ ಮೇಲೆ ಹದಿನಾಲ್ಕಕ್ಕಿಂತ ಕಡಿಮೆ ವಯಸ್ಸಿನವರಿಗೆ ಹಾನಿಯಾಗಬಹುದು ಎಂಬ ಎಚ್ಚರಿಕೆ ಅಂಟಿಸಿದರು. 2023ರ ಜನವರಿ 23ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದು ತಪ್ಪು ಎಂದು ತೀರ್ಪು ಕೊಟ್ಟಿತು. ಮುಂಚೆ ತಿಳಿಸುವುದು ಬೇರೆ, ವಿಷದ ಬಾಟಲಿಗೆ ಹಚ್ಚುವಂಥ ಚೀಟಿ ಹಚ್ಚುವುದು ಬೇರೆ.

ಇನ್ನು, ಟೀಚರ್ ಹೇಳಿದ ಮಾತು. ಅದು ವಾಸ್ತವ. 2001ರ ಏಪ್ರಿಲ್ 1ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾಗಿ, 2019ರಲ್ಲಿ ತೈವಾನ್, 2025ರ ಜನವರಿಯಲ್ಲಿ ಥಾಯ್ಲೆಂಡ್ ಸೇರಿ ಇವತ್ತು 35ಕ್ಕೂ ಹೆಚ್ಚು ದೇಶಗಳಲ್ಲಿ ಈ ಮದುವೆಗೆ ಕಾನೂನಿದೆ. ಭಾರತದಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ಸಲಿಂಗ ಸಂಬಂಧ ಅಪರಾಧವಲ್ಲ, ಆದರೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. 'ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ' ಎಂದರೆ ಏಳು ವರ್ಷದವನಿಗೆ ಇಷ್ಟೇ ಸಾಕು. ಅದು ಸರಿಯೋ ತಪ್ಪೋ ಎಂದು ಟೀಚರ್ ಹೇಳಲಿಲ್ಲ, ಆ ಜಾಗವನ್ನು ನಿಮಗೇ ಬಿಟ್ಟುಕೊಟ್ಟರು. ನಿಮ್ಮ ನಂಬಿಕೆ ಬೇರೆಯಿದ್ದರೆ ಮಗನಿಗೆ ಅದನ್ನೂ ಹೇಳಿ. "ನಮ್ಮ ಮನೇಲಿ ನಾವು ಹೀಗೆ ನಂಬ್ತೀವಿ, ಆದ್ರೆ ಆ ಮನೆಯವರನ್ನ ಯಾರೂ ಹಂಗಿಸಬಾರದು" ಎಂದರೆ ಮಕ್ಕಳಿಗೆ ಅರ್ಥವಾಗುತ್ತದೆ. ಕಾನೂನು, ಇತಿಹಾಸ, ಲೈಂಗಿಕತೆ ಎಂದು ಉದ್ದಕ್ಕೆ ವಿವರಿಸಲು ಹೋಗಬೇಡಿ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಾದೀತು.

ಶಾಲೆಗೆ ದೂರು ಬರೆಯಲೇ ಎಂದು ಕೇಳಿದ್ದೀರಿ. ಬರೆಯುವ ಮೊದಲು ಒಮ್ಮೆ ಆ ಟೀಚರನ್ನು ಕಂಡು ಮಾತಾಡಿ. ಕುಟುಂಬದ ಪಾಠಕ್ಕೆ ಯಾವ ಪುಸ್ತಕ ಬಳಸುತ್ತೀರಿ, ತೋರಿಸುತ್ತೀರಾ ಎಂದು ಕೇಳಿ. ಮೂವತ್ತು ನಲವತ್ತು ಮಕ್ಕಳ ಮುಂದೆ, ತಯಾರಿಯಿಲ್ಲದೆ, ಒಂದೇ ಗಳಿಗೆಯಲ್ಲಿ ಉತ್ತರ ಕೊಡಬೇಕಾದ ಕಷ್ಟ ಅವರದು. ಅವರಿಗೂ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಮಗನ ಅಡುಗೆಯ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ. ಇವತ್ತು ಊಟಕ್ಕೆ ಕೂತಾಗ ನೀವೇ ಮಾತು ತೆಗೆಯಿರಿ. ಯಾರಿಗೆ ಬರುತ್ತೋ ಅವರು ಮಾಡ್ತಾರೆ, ಇಬ್ಬರಿಗೂ ಬಂದರೆ ಇಬ್ಬರೂ ಮಾಡ್ತಾರೆ ಎನ್ನಿ. ಬಹುಶಃ ಅವನ ಮುಂದಿನ ಪ್ರಶ್ನೆ, ಹಾಗಾದರೆ ನಮ್ಮ ಮನೆಯಲ್ಲಿ ಅಪ್ಪ ಯಾಕೆ ಮಾಡಲ್ಲ ಎಂಬುದೇ ಆಗಿರುತ್ತದೆ.

— ಸಂಪಾದಕ