ಮಗಳನ್ನು ಮನೆಯಲ್ಲೇ ಓದಿಸಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಾವು ಕಳೆದ ವರ್ಷ ಊರಿಗೆ ಮರಳಿ, ಮಾದಾಪುರದ ಸಮೀಪ ನಮ್ಮ ಕಾಫಿ ತೋಟದಲ್ಲಿ ನೆಲೆಸಿದ್ದೇವೆ. ಮಗಳಿಗೆ ಎಂಟು ವರ್ಷ, ಮೂರನೇ ತರಗತಿ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆ. ಒಂದರಿಂದ ಮೂರನೇ ತರಗತಿಯವರೆಗಿನವರನ್ನು ಒಂದೇ ಕೊಠಡಿಯಲ್ಲಿ ಕೂರಿಸುತ್ತಾರೆ. ಪಟ್ಟಣದ ಖಾಸಗಿ ಶಾಲೆಗೆ ಸೇರಿಸಿದರೆ ಬೆಳಿಗ್ಗೆ ಏಳಕ್ಕೇ ವ್ಯಾನ್ ಹತ್ತಬೇಕು. ಮಳೆಗಾಲದಲ್ಲಂತೂ ಎಲ್ಲಿಗೆ ಸೇರಿಸಿದರೂ ಮೇಲಿಂದ ಮೇಲೆ ರಜೆ. ನಾನು ಮನೆಯಿಂದಲೇ ಕಂಪನಿಯ ಕೆಲಸ ಮಾಡುತ್ತೇನೆ. ಅವಳಿಗೆ ನಾನೇ ಕಲಿಸಿದರೆ ಕಾನೂನಿನ ಅಡ್ಡಿ ಇದೆಯೇ? ಮಗುವಿಗೆ ಯಾವುದು ಒಳಿತು?
— ಓರ್ವ ತಾಯಿ, ಉತ್ತರ ಕೊಡಗು

ಉತ್ತರ: ಕಾನೂನಿನ ವಿಷಯವನ್ನು ಮೊದಲು ಹೇಳಿ ಮುಗಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಮು, 6ರಿಂದ 14 ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಆದರೆ ಆ ಕರ್ತವ್ಯ ತಪ್ಪಿದವರಿಗೆ ಕಾಯ್ದೆಯಲ್ಲಿ ಶಿಕ್ಷೆಯನ್ನು ಹೇಳಿಲ್ಲ. ಮನೆಪಾಠವನ್ನು ಅದು ಹೆಸರಿಸಿ ಒಪ್ಪಿಯೂ ಇಲ್ಲ, ನಿಷೇಧಿಸಿಯೂ ಇಲ್ಲ. ತಮ್ಮ ವ್ಯಾಪ್ತಿಯ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಸಂಸ್ಥೆಗಳ ಹೊಣೆಯಾದ್ದರಿಂದ, ಶಾಲೆಯಿಂದ ಹೊರಗುಳಿದ ಮಕ್ಕಳನ್ನು ಹುಡುಕುತ್ತ ಯಾರಾದರೂ ನಿಮ್ಮ ಮನೆಯವರೆಗೂ ಬಂದಾರು. ಅದನ್ನು ಕಿರುಕುಳವೆಂದು ತಿಳಿಯಬೇಡಿ. ಕೊಯ್ಲಿನ ಕಾಲಕ್ಕೆ ಬಂದು ಲೈನ್ ಮನೆಗಳಲ್ಲಿ, ಎಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಉಳಿಯುವ ಕುಟುಂಬಗಳ ಎಷ್ಟೋ ಮಕ್ಕಳು ಶಾಲೆಯ ಲೆಕ್ಕಕ್ಕೆ ಬರುವುದು ಅಂಥ ಹುಡುಕಾಟದಿಂದಲೇ.

ಮನೆಯಲ್ಲಿ ಕಲಿಯುವುದರ ಲಾಭಗಳು ನಿಜವಾದವು, ಮತ್ತು ಕೊಡಗಿನಂಥ ಜಿಲ್ಲೆಯಲ್ಲಿ ಅವು ಇನ್ನೂ ಹೆಚ್ಚು. ಭಾಗಾಕಾರದಲ್ಲಿ ಎಡವಿದ ಮಗು ಅದೇ ಲೆಕ್ಕದಲ್ಲಿ ಒಂದು ವಾರ ನಿಲ್ಲಬಹುದು. ಓದುವುದರಲ್ಲಿ ಮುಂದಿರುವ ಮಗು ಯಾರಿಗೂ ಕಾಯದೆ ಮುಂದೆ ಹೋಗಬಹುದು. ತೋಟದ ಮಳೆಮಾಪಕವನ್ನು ಪ್ರತಿದಿನ ಬೆಳಿಗ್ಗೆ ಮಗಳ ಕೈಯಿಂದಲೇ ಓದಿಸಿದರೆ, ನಮ್ಮ ಬೆಳೆಗಾರರು ಹೇಳುವ ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಭಾಗ) ಲೆಕ್ಕದಲ್ಲೇ ದಶಮಾಂಶ ಅವಳಿಗೆ ಅರ್ಥವಾಗುತ್ತದೆ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಗಿಡ ಹೂವಾಗುವುದನ್ನೂ, ಆ ಹೂವು ಹಣ್ಣಾಗಿ ಕೊಯ್ಲಿಗೆ ಬರಲು ಎಷ್ಟು ತಿಂಗಳು ಹಿಡಿಯಿತು ಎಂಬುದನ್ನೂ ಅವಳೇ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠವಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರ ಭಾಗದಲ್ಲಿ ಬೆಟ್ಟಗಳು ಜರಿದುದನ್ನು ಕಂಡವರಿಗೆ, ಜುಲೈ ತಿಂಗಳಲ್ಲಿ ಮಗುವನ್ನು ಘಟ್ಟದ ರಸ್ತೆಗೆ ಕಳಿಸುವ ಅಂಜಿಕೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ನಿಮ್ಮ ಯೋಜನೆಯಲ್ಲಿ ಎರಡು ದುರ್ಬಲ ಜಾಗಗಳು ನನಗೆ ಕಾಣುತ್ತಿವೆ.

ಮೊದಲನೆಯದು ನಿಮ್ಮ ಸಮಯ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಇರಬೇಕೆಂದು ಕಾಯ್ದೆ ನಿಗದಿ ಮಾಡಿದೆ. ಎಂದರೆ ದಿನಕ್ಕೆ ನಾಲ್ಕು ಗಂಟೆ. ಒಂದೇ ಮಗುವಿಗೆ ಕಲಿಸುವಾಗ ಅಷ್ಟು ಹೊತ್ತು ಬೇಕಾಗದು, ಆದರೆ ಕಲಿಸುವ ಹೊತ್ತು ಪೂರ್ತಿ ಮಗುವಿನದೇ ಆಗಿರಬೇಕು. ಕಂಪನಿಯ ಸಭೆಗಳ ನಡುವೆ ಪಾಠ ಮಾಡುತ್ತೇನೆ ಎಂದು ಹೊರಟ ಮನೆಗಳಲ್ಲಿ ಮಗುವಿನ ಮುಂದೆ ಮೊಬೈಲ್ ಬಂದು ಕೂರುತ್ತದೆ, ತಾಯಿ ರಾತ್ರಿ ಹತ್ತಕ್ಕೆ ದಣಿದು ನೋಟ್‌ಬುಕ್ ತಿದ್ದುತ್ತಾಳೆ. ನೀವು ಅಥವಾ ನಿಮ್ಮ ಪತಿ, ಇಬ್ಬರಲ್ಲಿ ಒಬ್ಬರು ಬೆಳಗಿನ ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡಬಲ್ಲಿರಾ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಪತ್ರದಲ್ಲಿ ಪತಿಯ ಪಾಲಿನ ಪ್ರಸ್ತಾಪವೇ ಇಲ್ಲ ಎಂಬುದನ್ನೂ ಗಮನಿಸಿದೆ.

ಎರಡನೆಯದು ಇದಕ್ಕಿಂತ ದೊಡ್ಡದು. ಬೆಂಗಳೂರಿನಲ್ಲಿ ಮನೆಯಲ್ಲೇ ಓದುವ ಮಗು ಸಂಜೆ ವಸತಿ ಸಮುಚ್ಚಯದ ಅಂಗಳಕ್ಕಿಳಿದರೆ ಜೊತೆಗಾರರು ಸಿಗುತ್ತಾರೆ. ಗ್ರಂಥಾಲಯ, ಸಂಗೀತದ ತರಗತಿ, ಅದೇ ದಾರಿ ಹಿಡಿದ ಇತರ ಕುಟುಂಬಗಳು ಹತ್ತಿರದಲ್ಲೇ ಇರುತ್ತವೆ. ಕೊಡಗಿನ ಊರುಗಳು ಬಯಲುಸೀಮೆಯ ಊರುಗಳಂತೆ ಬೀದಿಗಳಾಗಿ ಒತ್ತಿಕೊಂಡಿಲ್ಲ. ಮನೆ ತೋಟದ ನಡುವೆ, ಪಕ್ಕದ ಮನೆ ಗದ್ದೆಯಾಚೆ. ಸಂಜೆಯಾದರೆ ಎಷ್ಟೋ ಕಡೆ ಆನೆಯ ಭಯ. ಹಬ್ಬಕ್ಕೋ ಮದುವೆಗೋ ಕೂಡುವ ನೆಂಟರ ಮಕ್ಕಳನ್ನು ಬಿಟ್ಟರೆ, ಇಲ್ಲಿನ ಮಗುವಿಗೆ ದಿನವೂ ಇತರ ಮಕ್ಕಳು ಸಿಗುವ ಏಕೈಕ ಜಾಗ ಶಾಲೆ. ಅದೂ ಎಂಥ ಮಕ್ಕಳು! ಒಂದೇ ಸಾಲಿನಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಯರವ ಬುಡಕಟ್ಟಿನ ಮಕ್ಕಳು, ಮನೆಯಲ್ಲಿ ಮಲಯಾಳ ಅಥವಾ ತಮಿಳು ಮಾತಾಡುವವರು. ಅವರೆಲ್ಲ ಒಟ್ಟಿಗೆ ಆಡಲು, ಜಗಳವಾಡಲು, ರಾಜಿಯಾಗಲು ಬಳಸುವುದು ಕನ್ನಡ. ಮನೆಮಾತು ಬೇರೆ ಇದ್ದು, ಪಾಠ ಇಂಗ್ಲಿಷಿನಲ್ಲಿ ನಡೆದರೆ ನಿಮ್ಮ ಮಗಳಿಗೆ ಕನ್ನಡ ಎಲ್ಲಿಂದ ಬರಬೇಕು? ಮಧ್ಯಾಹ್ನದ ಅಕ್ಷರ ದಾಸೋಹದಲ್ಲಿ ತೋಟದ ಮಾಲೀಕರ ಮಗು ಲೈನ್ ಮನೆಯ ಮಗುವಿನ ಪಕ್ಕದಲ್ಲಿ ಕುಳಿತು ಅದೇ ಅನ್ನ ಸಾರು ಉಣ್ಣುವುದನ್ನು ನಾನು ಬಹಳ ದೊಡ್ಡ ಶಿಕ್ಷಣವೆಂದು ಎಣಿಸುತ್ತೇನೆ. ನೀವು ಎಷ್ಟೇ ಚೆನ್ನಾಗಿ ಕಲಿಸಿದರೂ ಮನೆಯೊಳಗೆ ಅದನ್ನು ಕೊಡಲಾರಿರಿ.

ಮೂರು ತರಗತಿ ಒಂದೇ ಕೊಠಡಿಯಲ್ಲಿ ಎಂಬ ನಿಮ್ಮ ಆತಂಕಕ್ಕೆ ಒಂದು ವಿವರಣೆ ಅಗತ್ಯ. ಅದು ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ಈ ಕ್ರಮದಲ್ಲಿ, ಮಕ್ಕಳು ತರಗತಿಯ ಬದಲು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪಾಗಿ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಮೇಲೇರುತ್ತಾರೆ. ನೀವು ಮನೆಯಲ್ಲಿ ಮಾಡಬಯಸುವುದಕ್ಕೆ ಇದು ಹತ್ತಿರವೇ ಇದೆ. ನಾಲ್ಕು, ಐದನೇ ತರಗತಿಗಳಿಗೆ ಈ ಪದ್ಧತಿ ಇಲ್ಲ. ಇರುವ ಇಬ್ಬರು ಶಿಕ್ಷಕರಲ್ಲಿ ಒಬ್ಬರು ತರಬೇತಿಗೋ ಸಮೀಕ್ಷೆಗೋ ಹೋದ ದಿನ ಪಾಠ ನಿಲ್ಲುತ್ತದೆ. ಅದು ನಿಜವಾದ ಕೊರತೆ, ಅದನ್ನು ಮುಚ್ಚಿಡಲಾರೆ.

ಆದ್ದರಿಂದ ನನ್ನ ಸಲಹೆ ಇದು: ಮಗಳನ್ನು ಈ ವರ್ಷವೇ ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ, ಮನೆಪಾಠದ ನಿಮ್ಮ ಉತ್ಸಾಹವನ್ನು ಮಳೆಯ ರಜೆಗಳಿಗೂ ಬೆಳಗಿನ ಒಂದು ಗಂಟೆಗೂ ಮೀಸಲಿಡಿ. ಈ ವರ್ಷವೇ ಎನ್ನುವುದಕ್ಕೆ ಕಾರಣವಿದೆ. ಗಾಳಿಬೀಡಿನ ಜವಾಹರ ನವೋದಯ ವಿದ್ಯಾಲಯಕ್ಕೆ ಆರನೇ ತರಗತಿಗೆ ಗ್ರಾಮೀಣ ಮೀಸಲಿನಲ್ಲಿ ಸೇರಬೇಕಾದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಮಾನ್ಯತೆ ಪಡೆದ ಶಾಲೆಯಲ್ಲಿ ಪೂರ್ಣಾವಧಿ ಓದಿರಬೇಕು. ಮೂರನೇ ತರಗತಿ ತಪ್ಪಿದರೆ ಆ ಬಾಗಿಲು ಮುಚ್ಚುತ್ತದೆ. ಜೊತೆಗೆ ನೀವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಬನ್ನಿ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳಿದೆ. ಓದಿಕೊಂಡ ಪೋಷಕರು ತಮ್ಮ ಮಕ್ಕಳನ್ನು ಬೇರೆಡೆಗೆ ಕಳಿಸುತ್ತ ಹೋದದ್ದರಿಂದಲೇ ನಮ್ಮ ಎಷ್ಟೋ ಸರ್ಕಾರಿ ಶಾಲೆಗಳು ಬಡವಾಗಿವೆ ಎಂದು ನಾನು ನಂಬಿದ್ದೇನೆ.

ಮಗುವಿಗೆ ದೀರ್ಘ ಕಾಯಿಲೆಯಿದ್ದರೆ, ಶಾಲೆಯಲ್ಲಿ ಹಿಂಸೆಯಾಗುತ್ತಿದ್ದು ಯಾರೂ ಕೇಳದಿದ್ದರೆ, ಕಲಿಕೆಯ ತೊಡಕನ್ನು ಶಿಕ್ಷಕರು ಸೋಮಾರಿತನವೆಂದು ಬಗೆದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಅಂಥ ಸಂದರ್ಭದಲ್ಲಿ ಮನೆಗೆ ಕರೆತರಲು ಒಂದು ದಿನವೂ ತಡ ಮಾಡಬಾರದು.

ಪ್ರಶ್ನೆ: ಅನಾರೋಗ್ಯದ ಕಾರಣ ಎರಡು ವರ್ಷ ಮನೆಯಲ್ಲೇ ಓದಿದ ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಆರನೇ ತರಗತಿಗೆ ಸೇರಿಸಲು ಹೋದರೆ ವರ್ಗಾವಣೆ ಪತ್ರ ಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು ಎನ್ನುತ್ತಾರೆ. ಮನೆಯಲ್ಲೇ ಮುಂದುವರಿಸಿದರೆ ಹತ್ತನೇ ತರಗತಿಯ ಗತಿಯೇನು?
— ಓರ್ವ ತಂದೆ, ವಿರಾಜಪೇಟೆ ಕಡೆಯವರು

ಉತ್ತರ: ಎರಡನೇ ಪ್ರಶ್ನೆ ಸುಲಭ. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 14 ತುಂಬಿದವರು ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಐದು ವಿಷಯ ತೇರ್ಗಡೆಯಾದರೆ ಸಾಕು, ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನೂ ಖಾಸಗಿ ಅಭ್ಯರ್ಥಿಯಾಗಿ ಬರೆಯುವ ಅವಕಾಶವಿದೆ.

ಆದರೆ ಆರೋಗ್ಯ ಸುಧಾರಿಸಿದ್ದರೆ ಶಾಲೆಗೇ ಸೇರಿಸಿ. ಶಾಲೆಯ ಹೊರಗಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆಂದು ಕಾಯ್ದೆಯ 4ನೇ ಕಲಮು ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 13ನೇ ಕಲಮಿನ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸಿ ಆರಿಸುವಂತೆಯೂ ಇಲ್ಲ. ಸೇರಿಸಿಕೊಂಡ ಮೇಲೆ ಮಟ್ಟ ತಿಳಿಯಲು ಪರೀಕ್ಷೆ ಮಾಡಿದರೆ ಅದಕ್ಕೆ ತಕರಾರು ಬೇಡ, ಅದು ಮಗನಿಗೇ ಅನುಕೂಲ. ಮುಖ್ಯ ಶಿಕ್ಷಕರಿಗೆ ಈ ಕಲಮುಗಳನ್ನು ನಮೂದಿಸಿ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯೊಂದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕಳಿಸಿ. ಮನೆಯಲ್ಲಿ ಬರೆದ ಎರಡು ವರ್ಷದ ನೋಟ್‌ಬುಕ್‌ಗಳನ್ನೂ ವೈದ್ಯರ ದಾಖಲೆಗಳನ್ನೂ ಜೊತೆಗೆ ಒಯ್ಯಿರಿ. ಯಾವ ವಿಷಯದಲ್ಲಿ ಅವನಿಗೆ ನೆರವು ಬೇಕೆಂಬುದು ಶಿಕ್ಷಕರಿಗೆ ಮೊದಲ ವಾರದಲ್ಲೇ ತಿಳಿಯುತ್ತದೆ.